ಮೊಣಕಾಲೂರಿದ ತಂದೆ

ನಮ್ಮ ಚರ್ಚಿನ ಪಾಲನಾ ಮಂಡಳಿಯ ಸಭೆಯಲ್ಲಿ ಈಚೆಗೆ ಒಂದು ಬೇಡಿಕೆ ಬಂತು. ಬೇಸಿಗೆಯ ರಜೆಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ಮೂರು ದಿನಗಳ ನಾಯಕತ್ವ ತರಬೇತಿ ಶಿಬಿರವೊಂದನ್ನು ಏರ್ಪಡಿಸಬೇಕು, ಹೊರಗಿನಿಂದ ನುರಿತ ತರಬೇತುದಾರರನ್ನು ಕರೆಸಬೇಕು, ಖರ್ಚನ್ನು ಭರಿಸಲು ಹೆತ್ತವರೇ ಸಿದ್ಧರಿದ್ದಾರೆ ಎಂಬುದು ಅದರ ಸಾರಾಂಶ. ನಮ್ಮ ಮಕ್ಕಳಲ್ಲಿ ಧೈರ್ಯವಿಲ್ಲ, ವೇದಿಕೆ ಹತ್ತಲು ಹಿಂಜರಿಯುತ್ತಾರೆ, ಸ್ವಂತ ನಿರ್ಧಾರ ಕೈಗೊಳ್ಳಲು ಅರಿಯರು ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಬೇಡಿಕೆ ಸರ್ವಾನುಮತದಿಂದ ಅಂಗೀಕಾರವಾಗುವುದರಲ್ಲಿತ್ತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ಹಿರಿಯ ಗುರಿಕಾರರೊಬ್ಬರು ಎದ್ದು ನಿಂತು, ‘ಶಿಬಿರ ಮೂರು ದಿನ. ಉಳಿದ 362 ದಿನ ಮಕ್ಕಳು ಯಾರ ಶಿಬಿರದಲ್ಲಿರುತ್ತಾರೆ?’ ಎಂದು ಕೇಳಿ ಕುಳಿತುಬಿಟ್ಟರು. ಯಾರೂ ಉತ್ತರಿಸಲಿಲ್ಲ. ಶಿಬಿರವೇನೋ ನಿಶ್ಚಯವಾಯಿತು, ಆದರೆ ಆ ಪ್ರಶ್ನೆ ನನ್ನೊಂದಿಗೆ ಮನೆಗೆ ಬಂತು.

ಆ ಪ್ರಶ್ನೆ ನನ್ನನ್ನು ಕಾಡಲು ಕಾರಣವಿದೆ. ಕಳೆದ ಅಕ್ಟೋಬರ್ ತಿಂಗಳಲ್ಲಿ, ಜಪಸರದ ಮಾಸದಲ್ಲಿ, ಒಂದು ಸಂಜೆ ನಾನು ಚಾವಡಿಯ ಕುರ್ಚಿಯಲ್ಲಿ ಕುಳಿತು ಟಿ.ವಿ. ವಾರ್ತೆ ನೋಡುತ್ತಿದ್ದೆ. ಒಳಗಿನಿಂದ ಪತ್ನಿ ಪ್ರಾರ್ಥನೆಗೆ ಕರೆದಳು. ಒಂಬತ್ತನೆಯ ತರಗತಿಯ ಮಗಳು ಮೊಬೈಲ್ ಹಿಡಿದು ಮೂಲೆಯಲ್ಲಿದ್ದಳು. ‘ಏಳು, ಮೊದಲು ಅದನ್ನು ಕೆಳಗಿಟ್ಟು ಜಪಸರಕ್ಕೆ ಹೋಗು’ ಎಂದು ನಾನು ಗದರಿದೆ. ಅವಳು ಮರುಮಾತಾಡದೆ ಎದ್ದಳು. ಬಾಗಿಲ ಬಳಿ ನಿಂತು, ಯಾವ ಕೊಂಕೂ ಇಲ್ಲದೆ, ‘ಪಪ್ಪಾ, ನೀವು ಬರುವುದಿಲ್ಲವೇ?’ ಎಂದು ಕೇಳಿದಳು. ‘ನನಗೆ ಸ್ವಲ್ಪ ಕೆಲಸವಿದೆ’ ಎಂದೆ. ಟಿ.ವಿ. ಎದುರಿಗೇ ಉರಿಯುತ್ತಿತ್ತು. ಅವಳು ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಒಳಗೆ ಹೋದಳು. ಅಂದು ನನ್ನ ಮಗಳಿಗೆ ನಾನು ಎರಡು ಪಾಠಗಳನ್ನು ಕಲಿಸಿದೆ. ಪ್ರಾರ್ಥನೆ ಚಿಕ್ಕವರಿಗೆ ವಿಧಿಸುವ ಶಿಕ್ಷೆ ಎಂಬುದು ಒಂದು. ದೊಡ್ಡವರಾದ ಮೇಲೆ ಸುಳ್ಳು ಹೇಳಿ ಅದರಿಂದ ತಪ್ಪಿಸಿಕೊಳ್ಳಬಹುದು ಎಂಬುದು ಇನ್ನೊಂದು. ಯಾವ ಶಿಬಿರದ ಯಾವ ತರಬೇತುದಾರನೂ ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಸ್ಪಷ್ಟವಾಗಿ ಪಾಠ ಹೇಳಲಾರ.

ಮುಂದಾಳುತನವೆಂದರೆ ಇತರರನ್ನು ಮುನ್ನಡೆಸುವುದು ಎಂಬ ಅರ್ಥವನ್ನೇ ನಾವು ರೂಢಿಸಿಕೊಂಡಿದ್ದೇವೆ. ತನ್ನನ್ನು ತಾನು ಮುನ್ನಡೆಸಿಕೊಳ್ಳಲಾರದವನು ಮನೆಯನ್ನು ಮುನ್ನಡೆಸಲಾರ ಎಂಬ ಸರಳ ಸತ್ಯವನ್ನು ಮರೆತಿದ್ದೇವೆ. ಈ ಸತ್ಯವನ್ನು ಬಾಳಿ ತೋರಿದ ಒಬ್ಬ ತಂದೆಯ ಕಥೆಯನ್ನು ಇಂದು ಓದುಗರ ಮುಂದಿಡಬಯಸುತ್ತೇನೆ. ಅವರು ಯಾವ ಸಭೆಯಲ್ಲೂ ಭಾಷಣ ಮಾಡಿದವರಲ್ಲ, ಯಾವ ಗ್ರಂಥವನ್ನೂ ಬರೆದವರಲ್ಲ. ಆದರೆ ಅವರ ಮಗನನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. 1986ರ ಫೆಬ್ರವರಿ 6ರಂದು ಮಂಗಳೂರಿಗೆ ಆಗಮಿಸಿ ಬಲಿಪೂಜೆ ಅರ್ಪಿಸಿದ ಜಗದ್ಗುರು ಎರಡನೆಯ ಜಾನ್ ಪಾಲರೇ ಆ ಮಗ. ಅಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ದೂರದಿಂದ ಆ ಶ್ವೇತವಸ್ತ್ರಧಾರಿಯನ್ನು ತೋರಿಸಿದ ತಂದೆಯರು ಈಗ ಅಜ್ಜಂದಿರಾಗಿದ್ದಾರೆ.

ಸೈನಿಕನ ಮನೆ

ತಂದೆಯ ಹೆಸರೂ ಮಗನ ಹೆಸರೂ ಒಂದೇ: ಕರೋಲ್ ವೊಯ್ತಿವಾ. ತಂದೆ ಹುಟ್ಟಿದ್ದು 1879ರಲ್ಲಿ, ದರ್ಜಿಯೊಬ್ಬರ ಮಗನಾಗಿ. ತಾವೂ ಹೊಲಿಗೆಯ ಕೆಲಸ ಕಲಿತವರು. ಪೋಲೆಂಡ್ ಎಂಬ ಸ್ವತಂತ್ರ ರಾಷ್ಟ್ರವೇ ಇಲ್ಲದಿದ್ದ ಆ ಕಾಲದಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಸೇನೆಗೆ ಸೇರಿದ ಅವರು, ಪ್ರಥಮ ಮಹಾಯುದ್ಧದ ತರುವಾಯ ಸ್ವತಂತ್ರ ಪೋಲೆಂಡಿನ ಸೇನೆಯಲ್ಲಿ ಆಡಳಿತ ವಿಭಾಗದ ಅಧಿಕಾರಿಯಾಗಿ ದುಡಿದು, 1920ರ ದಶಕದ ಕೊನೆಗೆ ನಿವೃತ್ತರಾದರು. ವಾಡೊವಿತ್ಸೆ ಎಂಬ ಪುಟ್ಟ ಪಟ್ಟಣದಲ್ಲಿ, ಧರ್ಮಕೇಂದ್ರದ ದೇವಾಲಯಕ್ಕೆ ತಾಗಿದಂತಿದ್ದ ಕಟ್ಟಡದಲ್ಲಿ ಅವರ ಬಾಡಿಗೆ ಮನೆ. ಕಿಟಕಿ ತೆರೆದರೆ ದೇವಾಲಯದ ಗೋಡೆಯ ಮೇಲಿನ ನೆರಳುಗಡಿಯಾರ ಕಾಣಿಸುತ್ತಿತ್ತು. ಸಮಯ ಓಡುತ್ತದೆ, ನಿತ್ಯತ್ವ ಕಾದಿರುತ್ತದೆ ಎಂಬ ಅರ್ಥದ ಬರೆಹ ಅದರ ಮೇಲಿತ್ತು.

ಆ ಮನೆಯಲ್ಲಿ ಸಮಯ ನಿಜವಾಗಿಯೂ ಓಡಿತು. 1929ರ ಏಪ್ರಿಲ್ 13ರಂದು ತಾಯಿ ಎಮಿಲಿಯಾ ತೀರಿಕೊಂಡರು. 1920ರ ಮೇ 18ರಂದು ಹುಟ್ಟಿದ ಕಿರಿಯ ಮಗನಿಗೆ ಆಗ ಒಂಬತ್ತು ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು. ಹೆಣ್ಣು ಮಗುವೊಂದು ಅದಾಗಲೇ ಹುಟ್ಟಿದ ಹೊತ್ತಿನಲ್ಲೇ ತೀರಿಹೋಗಿತ್ತು. ಉಳಿದವನು ಹಿರಿಯ ಮಗ ಎಡ್ಮಂಡ್. ಮನೆಯ ಭರವಸೆಯಾಗಿದ್ದ ಅವನು ವೈದ್ಯನಾದ. ಬಿಯೆಲ್ಸ್ಕೊ ಪಟ್ಟಣದ ಆಸ್ಪತ್ರೆಯಲ್ಲಿ ಸ್ಕಾರ್ಲೆಟ್ ಜ್ವರದ ರೋಗಿಯ ಶುಶ್ರೂಷೆ ಮಾಡುತ್ತಾ ಅದೇ ಸೋಂಕಿಗೆ ತುತ್ತಾಗಿ 1932ರ ಡಿಸೆಂಬರ್‌ನಲ್ಲಿ ಮರಣ ಹೊಂದಿದಾಗ ಅವನ ವಯಸ್ಸು ಕೇವಲ 26. ಪಿಂಚಣಿಯ ಮೇಲೆ ಬದುಕುತ್ತಿದ್ದ ತಂದೆ, ಹನ್ನೆರಡು ವರ್ಷದ ಬಾಲಕ: ಇಷ್ಟೇ ಆ ಮನೆಯಲ್ಲಿ ಉಳಿದದ್ದು.

ಇಂತಹ ಸಂದರ್ಭದಲ್ಲಿ ಒಬ್ಬ ಗಂಡಸು ಏನು ಮಾಡಬಹುದಿತ್ತು? ದುಃಖಕ್ಕೆ ಶರಣಾಗಿ ಸಾರಾಯಿಯ ಸಹವಾಸ ಹಿಡಿಯಬಹುದಿತ್ತು. ಮಗನನ್ನು ನೆಂಟರ ಮನೆಯಲ್ಲೋ ವಸತಿ ಶಾಲೆಯಲ್ಲೋ ಬಿಟ್ಟು ಜವಾಬ್ದಾರಿ ಕಳಚಿಕೊಳ್ಳಬಹುದಿತ್ತು. ದೇವರನ್ನು ಶಪಿಸಬಹುದಿತ್ತು. ಅವರು ಇದ್ಯಾವುದನ್ನೂ ಮಾಡಲಿಲ್ಲ. ಪತ್ನಿ ತೀರಿದ ಬಳಿಕ ಮಕ್ಕಳನ್ನು ಕರೆದುಕೊಂಡು ಸಮೀಪದ ಕಲ್ವಾರಿಯಾ ಎಂಬ ಮರಿಯಾ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋದರು. ಹಿಂದಿರುಗಿ ಮನೆಗೆಲಸಕ್ಕೆ ಕೈಹಾಕಿದರು. ಅಡುಗೆ ಮಾಡಿದರು, ಬಟ್ಟೆ ಒಗೆದರು, ಹರಿದದ್ದನ್ನು ಹೊಲಿದರು. ತಮ್ಮ ಹಳೆಯ ಸಮವಸ್ತ್ರದ ಬಟ್ಟೆಯನ್ನೇ ಕತ್ತರಿಸಿ ಮಗನಿಗೆ ಉಡುಪು ಹೊಲಿದುಕೊಟ್ಟರು ಎನ್ನುತ್ತಾರೆ ಅವರ ಜೀವನ ಚರಿತ್ರೆ ಬರೆದವರು. ಬೆಳಗ್ಗೆ ಪೂಜೆ, ಶಾಲೆ, ಓದು, ಆಟ, ಸಂಜೆ ತಂದೆ ಮಗ ಜೊತೆಯಾಗಿ ನಡಿಗೆ, ರಾತ್ರಿ ಪ್ರಾರ್ಥನೆ: ಹೀಗೆ ದಿನಚರಿ ಹಳಿ ತಪ್ಪದೆ ನಡೆಯಿತು. ಮರಣದಿಂದ ಬರಿದಾದ ಮನೆಯಲ್ಲಿ ಮಗುವಿನ ಕಾಲ ಕೆಳಗಿನ ನೆಲ ಕುಸಿಯದಂತೆ ಅವರು ನೋಡಿಕೊಂಡರು. ನಮ್ಮ ಕರಾವಳಿಯ ಗಂಡಸರು, ‘ಅಡುಗೆಮನೆ ನನ್ನ ಕೆಲಸವಲ್ಲ’ ಎಂದು ಹೇಳುವಾಗಲೆಲ್ಲ ಈ ನಿವೃತ್ತ ಸೇನಾಧಿಕಾರಿಯನ್ನು ನೆನೆಯಬೇಕು.

ಅಪ್ಪಣೆಯಿಲ್ಲದ ಶಿಸ್ತು

ಬದುಕಿಡೀ ಅಪ್ಪಣೆ ಪಾಲಿಸಿ, ಅಪ್ಪಣೆ ಕೊಟ್ಟು ಅಭ್ಯಾಸವಿದ್ದ ಮನುಷ್ಯನಲ್ಲವೇ? ಮನೆಯೂ ದಂಡಿನ ಪಾಳೆಯವೇ ಆಗಿದ್ದಿರಬೇಕು ಎಂದು ನಾವು ಊಹಿಸುತ್ತೇವೆ. ಆದರೆ ಮಗ ಮುಂದೆ ನೆನಪಿಸಿಕೊಂಡದ್ದು ಬೇರೆಯೇ. ತಂದೆ ತಮ್ಮ ಬಗ್ಗೆ ಎಷ್ಟು ಕಟ್ಟುನಿಟ್ಟಾಗಿದ್ದರೆಂದರೆ ಮಗನ ಬಗ್ಗೆ ಕಟ್ಟುನಿಟ್ಟಾಗುವ ಅಗತ್ಯವೇ ಅವರಿಗೆ ಬೀಳಲಿಲ್ಲ. ಅವರನ್ನು ನೋಡಿದರೆ ಸಾಕಿತ್ತು, ತಾನೇನು ಮಾಡಬೇಕೆಂಬುದು ತಿಳಿಯುತ್ತಿತ್ತು ಎಂಬುದು ಅವರ ಮಾತಿನ ಭಾವ. ವೈಯಕ್ತಿಕ ನಾಯಕತ್ವದ ಕುರಿತು ಸಾವಿರ ಪುಟಗಳ ಗ್ರಂಥ ಬರೆದರೂ ಇದಕ್ಕಿಂತ ಹೆಚ್ಚಿನದನ್ನು ಹೇಳಲಾಗದು. ನಾವು ಮಾಡುವುದು ಇದರ ತಲೆಕೆಳಗು. ನಮ್ಮ ಬಗ್ಗೆ ಸಡಿಲವಾಗಿರುವಷ್ಟೂ ಮಕ್ಕಳ ಬಗ್ಗೆ ಬಿಗಿಯಾಗುತ್ತೇವೆ. ನಮ್ಮೊಳಗಿನ ಕೊರತೆಯನ್ನು ದನಿಯ ಏರಿಕೆಯಿಂದ ತುಂಬಿಸುತ್ತೇವೆ.

1996ರಲ್ಲಿ, ತಮ್ಮ ಗುರುದೀಕ್ಷೆಯ ಸುವರ್ಣ ಮಹೋತ್ಸವದ ವರ್ಷ, ಜಗದ್ಗುರುಗಳು ತಮ್ಮ ದೈವಕರೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. ಅದರಲ್ಲಿ ತಂದೆಯ ಬಗೆಗಿನ ಒಂದು ನೆನಪಿದೆ. ಕೆಲವೊಮ್ಮೆ ನಡುರಾತ್ರಿ ಎಚ್ಚರವಾದಾಗ ತಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿರುವುದು ಅವರಿಗೆ ಕಾಣಿಸುತ್ತಿತ್ತಂತೆ; ದೇವಾಲಯದಲ್ಲಿ ಎಂದೂ ಕಾಣುತ್ತಿದ್ದ ಹಾಗೆಯೇ. ತಂದೆ ಮಗ ಗುರುಜೀವನದ ಕರೆಯ ಕುರಿತು ಎಂದೂ ಮಾತಾಡಿರಲಿಲ್ಲ ಎಂದೂ, ಆದರೂ ತಂದೆಯ ಆದರ್ಶವೇ ತಮಗೆ ಮೊದಲ ಗುರುಮಠವಾಯಿತು, ಮನೆಯೊಳಗಿನ ಗುರುಮಠವಾಯಿತು ಎಂದೂ ಅವರು ಬರೆದಿದ್ದಾರೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಆ ತಂದೆ ಮಗನಿಗೆ ತೋರಿಸಲೆಂದು ಪ್ರಾರ್ಥಿಸುತ್ತಿರಲಿಲ್ಲ. ಮಗ ನಿದ್ರಿಸುತ್ತಿದ್ದಾನೆ ಎಂದೇ ಅವರು ತಿಳಿದಿದ್ದರು. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ನಾವು ಏನಾಗಿರುತ್ತೇವೆಯೋ ಅದನ್ನೇ ಮಕ್ಕಳು ನೋಡುತ್ತಾರೆ. ಎರಡನೆಯದು, ಮಗ ಏನಾಗಬೇಕೆಂದು ಅವರು ನಿರ್ಧರಿಸಲಿಲ್ಲ. ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಮುನ್ನವೇ ಅದು ಇಂಜಿನಿಯರ್ ಆಗಬೇಕೋ ಡಾಕ್ಟರ್ ಆಗಬೇಕೋ ಎಂದು ತೀರ್ಮಾನಿಸುವ ನಾವು ಈ ಮೌನದ ಬೆಲೆಯನ್ನು ಅರಿಯಬೇಕು. ಯಾವ ದಾರಿಯಲ್ಲಿ ನಡೆಯಬೇಕೆಂದು ಅವರು ಹೇಳಲಿಲ್ಲ. ಹೇಗೆ ನಡೆಯಬೇಕೆಂದು ನಡೆದು ತೋರಿಸಿದರು.

ಹಾಗೆಂದು ಅವರು ಬಾಯಿಯೇ ಬಿಡಲಿಲ್ಲವೆಂದಲ್ಲ. ಬಾಲಕ ಪವಿತ್ರಾತ್ಮರಿಗೆ ಸಾಕಷ್ಟು ಪ್ರಾರ್ಥಿಸುತ್ತಿಲ್ಲವೆಂದು ಕಂಡಾಗ, ಪ್ರಾರ್ಥನಾ ಪುಸ್ತಕವೊಂದನ್ನು ಕೊಟ್ಟು ಅದರಲ್ಲಿದ್ದ ಪವಿತ್ರಾತ್ಮರ ಪ್ರಾರ್ಥನೆಯನ್ನು ದಿನವೂ ಹೇಳುವಂತೆ ತಿಳಿಸಿದರು. ಅಂದಿನಿಂದಲೂ ಅದನ್ನು ಪಾಲಿಸಲು ಯತ್ನಿಸುತ್ತ ಬಂದಿದ್ದೇನೆ ಎಂದು ಆ ಬಾಲಕ ಎಪ್ಪತ್ತು ದಾಟಿದ ಮೇಲೆ, ಪೇತ್ರರ ಪೀಠದಲ್ಲಿದ್ದುಕೊಂಡು ಹೇಳಿದರು. ನಾವು ಮಕ್ಕಳಿಗೆ ಸಾವಿರ ಉಪದೇಶ ಮಾಡುತ್ತೇವೆ, ಒಂದೂ ಉಳಿಯುವುದಿಲ್ಲ. ಅವರು ಒಂದು ಮಾತು ಹೇಳಿದರು, ಅದು ಆಯುಷ್ಯವಿಡೀ ಉಳಿಯಿತು. ಆ ಮಾತಿನ ಹಿಂದೆ ನಡುರಾತ್ರಿಯ ಮೊಣಕಾಲುಗಳಿದ್ದವು ಎಂಬುದೇ ಇದಕ್ಕೆ ಕಾರಣ.

ಇನ್ನೊಂದು ಮಾತು. ಅವರಿದ್ದ ಕಟ್ಟಡದ ಒಡೆಯರು ಯೆಹೂದ್ಯರು. ಬಾಲಕನ ಆಪ್ತ ಗೆಳೆಯರಲ್ಲೂ ಯೆಹೂದ್ಯರಿದ್ದರು, ಆ ಮನೆಗೆ ಬಂದು ಹೋಗುತ್ತಿದ್ದರು. ಯೆಹೂದ್ಯರ ಮೇಲಿನ ದ್ವೇಷ ಯುರೋಪಿನಲ್ಲಿ ಹೊಗೆಯಾಡುತ್ತಿದ್ದ ದಿನಗಳವು. ಆ ಹೊಗೆ ಈ ಮನೆಯ ಹೊಸ್ತಿಲು ದಾಟಲಿಲ್ಲ. 1986ರ ಏಪ್ರಿಲ್‌ನಲ್ಲಿ ಜಗದ್ಗುರುಗಳು ರೋಮ್ ನಗರದ ಯೆಹೂದ್ಯರ ಪ್ರಾರ್ಥನಾ ಮಂದಿರಕ್ಕೆ ಭೇಟಿಯಿತ್ತಾಗ ಲೋಕ ಅಚ್ಚರಿಪಟ್ಟಿತು. ಆ ಹಾದಿಯ ಆರಂಭ ವಾಡೊವಿತ್ಸೆಯ ಆ ಪುಟ್ಟ ಮನೆಯಲ್ಲೇ ಇದ್ದಿರಬೇಕು ಎಂದು ನನಗನಿಸುತ್ತದೆ. ಊಟದ ಮೇಜಿನ ಮುಂದೆ ನೆರೆಯವನ ಜಾತಿ ಧರ್ಮಗಳ ಬಗ್ಗೆ ನಾವಾಡುವ ಹಗುರ ಮಾತುಗಳನ್ನು ನಮ್ಮ ಮಕ್ಕಳೂ ಕೇಳಿಸಿಕೊಳ್ಳುತ್ತಿದ್ದಾರೆ.

ಕೊನೆಯ ರಾತ್ರಿ

1938ರಲ್ಲಿ ಮಗನ ವಿಶ್ವವಿದ್ಯಾನಿಲಯದ ಓದಿಗಾಗಿ ಇಬ್ಬರೂ ಕ್ರಾಕೊವ್ ನಗರಕ್ಕೆ ಬಂದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಯುದ್ಧ ಸಿಡಿಯಿತು. 60ರ ವಯಸ್ಸಿನ ತಂದೆ ಮಗನೊಡನೆ ನಿರಾಶ್ರಿತರ ಗುಂಪಿನಲ್ಲಿ ಪೂರ್ವಕ್ಕೆ ನಡೆದರು. ಆ ಕಡೆಯಿಂದ ಸೋವಿಯತ್ ಸೇನೆ ನುಗ್ಗಿತೆಂದು ತಿಳಿದು ಬಂದ ದಾರಿಯಲ್ಲೇ ಮರಳಿದರು. ಜರ್ಮನರ ಆಡಳಿತದಲ್ಲಿ ವಿಶ್ವವಿದ್ಯಾನಿಲಯ ಮುಚ್ಚಿತು. ಮಗ ಕಲ್ಲುಕೋರೆಯ ಕೂಲಿಯಾದ. 1941ರ ಫೆಬ್ರವರಿ 18ರಂದು, ಕಾಯಿಲೆ ಬಿದ್ದಿದ್ದ ತಂದೆಗೆ ಊಟ ಹಿಡಿದುಕೊಂಡು ಮನೆಗೆ ಬಂದ ಮಗನಿಗೆ ಕಂಡದ್ದು ಅವರ ನಿರ್ಜೀವ ದೇಹ. ತಾಯಿ ಹೋದಾಗಲೂ ನಾನಿರಲಿಲ್ಲ, ಅಣ್ಣ ಹೋದಾಗಲೂ ಇರಲಿಲ್ಲ, ತಂದೆ ಹೋದಾಗಲೂ ಇರಲಿಲ್ಲ ಎಂಬುದು ಅವರ ಬಹುಕಾಲದ ಕೊರಗಾಗಿತ್ತು. ಆ ರಾತ್ರಿಯಿಡೀ ಇಪ್ಪತ್ತರ ಯುವಕ ತಂದೆಯ ಕಳೇಬರದ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ.

ಮೊಣಕಾಲೂರುವುದನ್ನು ಯಾರು ಕಲಿಸಿದ್ದರೋ ಅವರ ಬಳಿಯೇ ಆ ಪಾಠ ಒಪ್ಪಿಸಿದಂತಾಯಿತು. ಮರುವರ್ಷ, 1942ರಲ್ಲಿ, ಆತ ಗುಪ್ತವಾಗಿ ನಡೆಯುತ್ತಿದ್ದ ಗುರುಮಠವನ್ನು ಸೇರಿದ. 1946ರಲ್ಲಿ ಗುರುದೀಕ್ಷೆ, 1978ರಲ್ಲಿ ಜಗದ್ಗುರು ಪದವಿ, 2014ರಲ್ಲಿ ಸಂತಪದವಿ: ಇವೆಲ್ಲ ಲೋಕಕ್ಕೆ ತಿಳಿದ ಕಥೆ. ಇದರಲ್ಲಿ ಒಂದನ್ನೂ ತಂದೆ ಕಾಣಲಿಲ್ಲ. ಮಗ ಗುರುವಾದಾನೆಂದು ಸಹ ಅವರಿಗೆ ಗೊತ್ತಿರಲಿಲ್ಲ. ಬಿತ್ತಿದವನೇ ಕೊಯ್ಯಬೇಕೆಂಬ ನಿಯಮ ಹೆತ್ತವರಿಗೆ ಅನ್ವಯಿಸುವುದಿಲ್ಲ. 2020ರಲ್ಲಿ ಧರ್ಮಸಭೆಯು ಕರೋಲ್ ಮತ್ತು ಎಮಿಲಿಯಾ ದಂಪತಿಗಳನ್ನು ಪುನೀತರ ಸಾಲಿಗೆ ಸೇರಿಸುವ ವಿಚಾರಣೆಯನ್ನು ವಾಡೊವಿತ್ಸೆಯಲ್ಲಿ ಆರಂಭಿಸಿತು. ತಂದೆ ಕಣ್ಮುಚ್ಚಿ ಆಗ 79 ವರ್ಷ ಸಂದಿತ್ತು.

ನಮಗಿದು ಸಾಧ್ಯವೇ?

‘ಅವರು ನಿವೃತ್ತರು, ಸಮಯವಿತ್ತು. ನಮಗೆಲ್ಲಿದೆ?’ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ನಮ್ಮ ಸಮುದಾಯದ ಎಷ್ಟೋ ತಂದೆಯರು ಕುವೈತ್, ದುಬೈ, ದೋಹಾಗಳಲ್ಲಿ ದುಡಿದು ವರುಷಕ್ಕೊಮ್ಮೆ ಊರಿಗೆ ಬರುತ್ತಾರೆ. ಬೆಳಗಿನ ಜಾವ ಕಡಲಿಗಿಳಿಯುವವರಿದ್ದಾರೆ, ಬಸ್ಸು ಓಡಿಸುವವರಿದ್ದಾರೆ, ತೋಟದಲ್ಲಿ ಬೆವರು ಸುರಿಸುವವರಿದ್ದಾರೆ. ಇಂತಹ ಮನೆಗಳಲ್ಲಿ ತಂದೆಯ ಭಾರವನ್ನೂ ತಾಯಿಯೇ ಹೊರುತ್ತಾಳೆ. ಅವಳ ಮುಂದಾಳುತನಕ್ಕೆ ನಾವು ಹೆಸರನ್ನೇ ಇಟ್ಟಿಲ್ಲ. ‘ಮನೆಯಲ್ಲೇ ಇರುತ್ತಾಳೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಆದರೆ ನಾಯಕತ್ವದ ಅಳತೆ ಗಂಟೆಗಳಲ್ಲಿಲ್ಲ. ದೂರದಲ್ಲಿರುವ ತಂದೆ ರಾತ್ರಿ ಫೋನ್ ಮಾಡಿದಾಗ, ‘ಎಷ್ಟು ಅಂಕ ಬಂತು?’ ಎಂದು ಮಾತ್ರ ಕೇಳುತ್ತಾನೋ, ‘ನಾನಿಂದು ಪೂಜೆಗೆ ಹೋಗಿದ್ದೆ, ನಿನಗಾಗಿ ಪ್ರಾರ್ಥಿಸಿದೆ’ ಎಂದೂ ಹೇಳುತ್ತಾನೋ ಎಂಬುದರಲ್ಲಿ ಅದಿದೆ. ಅಂಗಡಿಯವನು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟಾಗ ಮಗುವಿನ ಎದುರಿನಲ್ಲಿ ಹಿಂದಿರುಗಿಸುವುದರಲ್ಲಿ ಅದಿದೆ. ಜಗಳವಾಡಿದ ನೆರೆಯವನೊಂದಿಗೆ ಮೊದಲು ಮಾತಾಡುವುದರಲ್ಲಿ, ಪತ್ನಿಯ ಮೇಲೆ ರೇಗಿದ ಬಳಿಕ ಮಕ್ಕಳ ಮುಂದೆಯೇ ‘ನನ್ನದು ತಪ್ಪಾಯಿತು’ ಎನ್ನುವುದರಲ್ಲಿ ಅದಿದೆ. ಇದಕ್ಕೆ ಪಿಂಚಣಿಯೂ ಬೇಡ, ಪುರುಸೊತ್ತೂ ಬೇಡ.

ತಂದೆ ಮೊಣಕಾಲೂರಿದರೆ ಮಗ ಸಂತನಾಗುತ್ತಾನೆಂಬ ಖಾತರಿಯೂ ಇಲ್ಲ. ಪ್ರಾರ್ಥಿಸುವ ಮನೆಗಳಲ್ಲೂ ದಾರಿ ತಪ್ಪಿದ ಮಕ್ಕಳಿದ್ದಾರೆ. ಅಂತಹ ಹೆತ್ತವರ ಕಣ್ಣೀರನ್ನು ನಾನು ಬಲ್ಲೆ, ಅವರತ್ತ ಬೆರಳು ತೋರಿಸುವ ಪಾಪ ನನ್ನಿಂದಾಗದಿರಲಿ. ಮಕ್ಕಳು ನಮ್ಮ ಕೈಯ ಜೇಡಿಮಣ್ಣಲ್ಲ. ಅವರಿಗೂ ದೇವರು ಸ್ವಾತಂತ್ರ್ಯವಿತ್ತಿದ್ದಾರೆ. ಹೆತ್ತವರೇ ಮಕ್ಕಳ ಮೊದಲ ಶಿಕ್ಷಕರು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಶಿಕ್ಷಕನಿಗೆ ಫಲಿತಾಂಶದ ಮೇಲೆ ಅಧಿಕಾರವಿಲ್ಲ, ಪಾಠದ ಮೇಲೆ ಮಾತ್ರ ಇದೆ. ಆ ಪಾಠವನ್ನಾದರೂ ನಾವು ಪ್ರಾಮಾಣಿಕವಾಗಿ ಮಾಡಬೇಡವೇ?

ತಿರುಕುಟುಂಬದ ಪಾಲಕರಾದ ಸಂತ ಜೋಸೆಫರ ಬಾಯಿಂದ ಬಂದ ಒಂದೇ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ನಿದ್ರೆಯಿಂದ ಎದ್ದರು, ದೇವದೂತನು ಹೇಳಿದಂತೆ ಮಾಡಿದರು ಎಂದಷ್ಟೇ ಸಂತ ಮತ್ತಾಯರು ತಿಳಿಸುತ್ತಾರೆ. ಎದ್ದರು, ಮಾಡಿದರು. ತಂದೆಯಾದವನಿಗೆ ಬೇಕಾದ ಎರಡೇ ಕ್ರಿಯಾಪದಗಳಿವು.

ನಾನೂ ಈಗ ಸಂಜೆ ಕುರ್ಚಿಯಿಂದ ಏಳುತ್ತೇನೆ. ಅದೇನೂ ಪವಾಡವಲ್ಲ. ಕೆಲವು ದಿನ ದಣಿವಿನಿಂದ ಜಪಸರದ ನಡುವೆಯೇ ತೂಕಡಿಸುತ್ತೇನೆ. ಮಗಳು ಕೆಲವು ದಿನ ಬರುತ್ತಾಳೆ, ಪರೀಕ್ಷೆಯೆಂದು ಕೆಲವು ದಿನ ಬರುವುದಿಲ್ಲ. ನಾನು ಗದರುವುದನ್ನು ಬಿಟ್ಟಿದ್ದೇನೆ. ಟಿ.ವಿ. ನೋಡುತ್ತ ‘ಕೆಲಸವಿದೆ’ ಎಂದದ್ದು ಸುಳ್ಳಾಗಿತ್ತೆಂದು ಒಂದು ದಿನ ಅವಳ ಮುಂದೆ ಒಪ್ಪಿಕೊಂಡೆ. ‘ನನಗೆ ಅವತ್ತೇ ಗೊತ್ತಿತ್ತು ಪಪ್ಪಾ’ ಎಂದಳು. ನಮ್ಮ ಹಿರಿಯರ ಕಾಲದಲ್ಲಿ ಜಪಸರ ಮುಗಿದೊಡನೆ ಮಕ್ಕಳು ಸಾಲಾಗಿ ಬಂದು ಹೆತ್ತವರ ಮುಂದೆ ಕೈಜೋಡಿಸಿ ‘ಬೆಸಾಂವ್’ ಬೇಡುತ್ತಿದ್ದರು. ಅನೇಕ ಮನೆಗಳಲ್ಲಿ ಈ ಪದ್ಧತಿ ಈಗ ನಿಂತಿದೆ. ಅದು ನಿಂತಿತೆಂದು ಮಕ್ಕಳನ್ನು ದೂರುವ ಮೊದಲು, ಆಶೀರ್ವದಿಸಲು ಎತ್ತುವ ನಮ್ಮ ಕೈ ಅದಕ್ಕೆ ಮುನ್ನ ಜೋಡಿಸಲ್ಪಟ್ಟಿತ್ತೇ ಎಂದು ನಾವು ಕೇಳಿಕೊಳ್ಳೋಣ. ಬೇಸಿಗೆಯ ಶಿಬಿರಕ್ಕೆ ಮಕ್ಕಳನ್ನು ಅಗತ್ಯವಾಗಿ ಕಳುಹಿಸೋಣ. ಅವರು ಮೂರು ದಿನಗಳ ನಂತರ ಮರಳಿ ಬರುವ ಹೊತ್ತಿಗೆ, ಉಳಿದ 362 ದಿನಗಳ ಶಿಬಿರವೂ ಮನೆಯಲ್ಲಿ ಸಿದ್ಧವಾಗಿರಲಿ.